ಸ್ಥಳೀಯ ಸಂಸ್ಥೆಗಳಲ್ಲಿ ಭ್ರಷ್ಟಾಚಾರ ನಿಯಂತ್ರಣ: ಸವಾಲುಗಳು ಹಾಗೂ ಅರ್ಜಿದಾರರಿಗೆ ಲಭ್ಯವಿರುವ ಮಾರ್ಗಗಳು

ಪೀಠಿಕೆ

ಮನೆಯ ಖಾತಾ ಬದಲಾವಣೆ, ಕಟ್ಟಡ ಪರವಾನಗಿ, ನಲ್ಲಿ ಸಂಪರ್ಕ, ಉದ್ದಿಮೆ ಪರವಾನಗಿ, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಮೊದಲಾದ ಕೆಲಸಗಳಿಗಾಗಿ ನಾಗರಿಕರು ಮೊದಲು ಸಂಪರ್ಕಿಸುವುದು ಸ್ಥಳೀಯ ಸಂಸ್ಥೆಯ ಕಚೇರಿಯನ್ನು. ಈ ಹಂತದಲ್ಲಿ ಕೇಳಲಾಗುವ ಲಂಚದ ಮೊತ್ತವು ಹಲವು ವೇಳೆ ಚಿಕ್ಕದಾಗಿದ್ದರೂ ಅದರ ಹೊರೆ ಬೀಳುವುದು ಅದನ್ನು ಭರಿಸಲಾರದವರ ಮೇಲೆ. ಒಂದು ದಿನದ ಕೂಲಿಯನ್ನು ಬಿಟ್ಟು ಕಚೇರಿಗೆ ಬರುವ ವ್ಯಕ್ತಿಗೆ "ನಾಳೆ ಬನ್ನಿ" ಎಂಬ ಉತ್ತರವೇ ಒಂದು ದಂಡವಾಗಿ ಪರಿಣಮಿಸುತ್ತದೆ.

ಭ್ರಷ್ಟಾಚಾರವನ್ನು ತಡೆಯಲು ಕಾನೂನುಗಳ ಕೊರತೆ ಇಲ್ಲ. ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮ 1988, ಕರ್ನಾಟಕ ಲೋಕಾಯುಕ್ತ ಅಧಿನಿಯಮ 1984, ಮಾಹಿತಿ ಹಕ್ಕು ಅಧಿನಿಯಮ 2005 ಹಾಗೂ ಸಕಾಲ ಎಂದು ಪರಿಚಿತವಾದ 2011ರ ಸೇವಾ ಖಾತರಿ ಅಧಿನಿಯಮಗಳು ಜಾರಿಯಲ್ಲಿವೆ. ಆದಾಗ್ಯೂ ಸ್ಥಳೀಯ ಮಟ್ಟದಲ್ಲಿ ಇವುಗಳ ಪ್ರಯೋಜನ ಪಡೆಯುವುದು ಸುಲಭವಾಗಿಲ್ಲ. ಇದಕ್ಕೆ ಕಾರಣಗಳೇನು, ಮತ್ತು ಸೇವೆ ಕೋರಿ ಅರ್ಜಿ ಸಲ್ಲಿಸುವವರು ಪ್ರತಿ ಹಂತದಲ್ಲಿ ಯಾವ ಮುನ್ನೆಚ್ಚರಿಕೆ ವಹಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಸ್ಥಳೀಯ ಸಂಸ್ಥೆಗಳ ಸ್ವರೂಪ

ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದ ನಂತರ ಪಂಚಾಯಿತಿಗಳಿಗೂ ನಗರ ಸ್ಥಳೀಯ ಸಂಸ್ಥೆಗಳಿಗೂ ಸಾಂವಿಧಾನಿಕ ಸ್ಥಾನ ದೊರೆಯಿತು. ಕರ್ನಾಟಕದಲ್ಲಿ ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು 1993ರ ಪಂಚಾಯತ್ ರಾಜ್ ಅಧಿನಿಯಮದ (ಈಗ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ) ಅಡಿಯಲ್ಲಿ ಕಾರ್ಯನಿರ್ವಹಿಸುತ್ತವೆ. ಪುರಸಭೆ ಮತ್ತು ನಗರಸಭೆಗಳಿಗೆ 1964ರ ಪೌರಸಭೆಗಳ ಅಧಿನಿಯಮವೂ ಮಹಾನಗರ ಪಾಲಿಕೆಗಳಿಗೆ 1976ರ ಅಧಿನಿಯಮವೂ ಅನ್ವಯಿಸುತ್ತವೆ. ಬೆಂಗಳೂರು ನಗರಕ್ಕೆ ಪ್ರತ್ಯೇಕ ಕಾನೂನು ಇದೆ.

ಅಧಿಕಾರವು ಜನರ ಹತ್ತಿರಕ್ಕೆ ಬಂದಂತೆ ಅದರ ಮೇಲಿನ ನಿಗಾ ಸಹ ಜನರ ಕೈಗೆ ಬರಬೇಕೆಂಬುದು ವಿಕೇಂದ್ರೀಕರಣದ ಆಶಯ. ಅಧಿಕಾರ, ಅನುದಾನ ಮತ್ತು ಕಾಮಗಾರಿಗಳು ಕೆಳಹಂತಕ್ಕೆ ತಲುಪಿದಷ್ಟು ವೇಗವಾಗಿ ಲೆಕ್ಕ ಕೇಳುವ ಪರಿಪಾಠವು ಬೆಳೆದಿಲ್ಲ. ಮುಂದೆ ತಿಳಿಸಲಾಗುವ ಬಹುತೇಕ ಸವಾಲುಗಳ ಮೂಲ ಇದೇ ಆಗಿದೆ.

2. ಭ್ರಷ್ಟಾಚಾರದ ಎರಡು ವಿಧಗಳು

ಶ್ರೀ ಎಂ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗವು 2007ರಲ್ಲಿ ಸಲ್ಲಿಸಿದ ತನ್ನ ನಾಲ್ಕನೇ ವರದಿಯಲ್ಲಿ ಭ್ರಷ್ಟಾಚಾರವನ್ನು ಎರಡು ವಿಧವಾಗಿ ಗುರುತಿಸಿದೆ. ಈ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ನಾಗರಿಕರಿಗೂ ಅವಶ್ಯಕ.

(ಅ) ಬಲವಂತದ ಭ್ರಷ್ಟಾಚಾರ: ನ್ಯಾಯಯುತವಾಗಿ ದೊರೆಯಬೇಕಾದ ಸೇವೆಯನ್ನು ತಡೆಹಿಡಿದು ಹಣ ಕೇಳುವುದು. ಇಲ್ಲಿ ಅರ್ಜಿದಾರನು ಬಾಧಿತ ವ್ಯಕ್ತಿ. ಆತನಿಗೆ ದೂರು ನೀಡಲು ಕಾರಣವಿರುತ್ತದೆ.

(ಆ) ಒಳಒಪ್ಪಂದದ ಭ್ರಷ್ಟಾಚಾರ: ಕೊಡುವವರು ಮತ್ತು ಪಡೆಯುವವರು ಇಬ್ಬರೂ ಸೇರಿ ಸಾರ್ವಜನಿಕ ಹಣಕ್ಕೆ ಅಥವಾ ಹಿತಕ್ಕೆ ಹಾನಿ ಮಾಡುವುದು. ಕಳಪೆ ರಸ್ತೆಗೆ ಪೂರ್ಣ ಬಿಲ್ಲು ಪಾವತಿಸುವುದು, ಅನಧಿಕೃತ ಬಡಾವಣೆಯ ನಿವೇಶನಕ್ಕೆ ಖಾತೆ ಮಾಡಿಕೊಡುವುದು ಇದಕ್ಕೆ ಉದಾಹರಣೆಗಳು. ಇಲ್ಲಿ ನಷ್ಟ ಅನುಭವಿಸುವುದು ಇಡೀ ಊರು. ಆದರೆ ವ್ಯವಹಾರದಲ್ಲಿ ಭಾಗಿಯಾದ ಯಾರಿಗೂ ದೂರು ನೀಡುವ ಆಸಕ್ತಿ ಇರುವುದಿಲ್ಲ. ಆದ್ದರಿಂದ ಇದು ಬೆಳಕಿಗೆ ಬರುವುದು ದಾಖಲೆಗಳ ಪರಿಶೀಲನೆಯಿಂದ ಮಾತ್ರ.

ಮೊದಲನೆಯ ವಿಧಕ್ಕೆ ದೂರು ಮುಖ್ಯ ಸಾಧನ. ಎರಡನೆಯದಕ್ಕೆ ಮಾಹಿತಿ ಹಕ್ಕು, ಗ್ರಾಮಸಭೆ, ಜಮಾಬಂದಿ ಮತ್ತು ಲೆಕ್ಕಪರಿಶೋಧನೆ ಮುಖ್ಯ ಸಾಧನಗಳು.

3. ಪ್ರಮುಖ ಸವಾಲುಗಳು

3.1 ಸಾಮೀಪ್ಯ ಮತ್ತು ಭಯ

ದೂರದ ಕಚೇರಿಯ ಅಧಿಕಾರಿಯ ವಿರುದ್ಧ ದೂರು ನೀಡಿದವರು ಅವರನ್ನು ಮತ್ತೆ ಭೇಟಿಯಾಗುವ ಸಂದರ್ಭ ಕಡಿಮೆ. ಸ್ಥಳೀಯ ಸಂಸ್ಥೆಯಲ್ಲಿ ಪರಿಸ್ಥಿತಿ ಬೇರೆ. ಇಂದು ಖಾತೆಗಾಗಿ ಬಂದವರು ನಾಳೆ ನೀರಿನ ಸಂಪರ್ಕಕ್ಕೆ, ನಾಡಿದ್ದು ಮನೆ ಮಂಜೂರಾತಿಗೆ ಅದೇ ಕಚೇರಿಗೆ ಬರಬೇಕು. ಸಿಬ್ಬಂದಿ, ಸದಸ್ಯರು, ಗುತ್ತಿಗೆದಾರರು, ಅರ್ಜಿದಾರರು ಒಂದೇ ಊರಿನವರಾಗಿರುತ್ತಾರೆ. ಕೆಲವೊಮ್ಮೆ ನೆಂಟರೂ ಆಗಿರುತ್ತಾರೆ. "ಊರಲ್ಲಿ ಬಾಳಬೇಕಲ್ಲ" ಎಂಬ ಒಂದು ಮಾತಿನಲ್ಲಿಯೇ ಎಷ್ಟೋ ದೂರುಗಳು ನಿಂತುಹೋಗುತ್ತವೆ.

ಸಾಕ್ಷಿಗಳಿಗೆ ರಕ್ಷಣೆ ನೀಡುವ 2018ರ ಸಾಕ್ಷಿ ಸಂರಕ್ಷಣಾ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಅನುಮೋದನೆ ನೀಡಿದೆ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಪ್ರತಿ ರಾಜ್ಯವೂ ಇಂತಹ ಯೋಜನೆಯನ್ನು ಹೊಂದಬೇಕೆಂದು ವಿಧಿಸಿದೆ. ಆದರೆ ದೈಹಿಕ ಬೆದರಿಕೆಗೆ ನೀಡುವ ರಕ್ಷಣೆಯು, ಕಡತವನ್ನು ಕೆಳಗೆ ಸರಿಸುವ ಅಥವಾ ಹೊಸ ಹೊಸ ಆಕ್ಷೇಪಣೆ ಹಾಕುವ ಮೌನ ಕಿರುಕುಳಕ್ಕೆ ಪರಿಹಾರವಾಗುವುದಿಲ್ಲ. ಅದಕ್ಕೆ ಕಾಲಮಿತಿ ಮತ್ತು ಲಿಖಿತ ದಾಖಲೆಗಳೇ ರಕ್ಷಣೆ.

3.2 ಮಧ್ಯವರ್ತಿಗಳು

ಅರ್ಜಿ ನಮೂನೆ, ಶುಲ್ಕ ಮತ್ತು ಅಗತ್ಯ ದಾಖಲೆಗಳ ಬಗ್ಗೆ ಖಚಿತ ತಿಳಿವಳಿಕೆ ಇಲ್ಲದ ಕಡೆ ಮಧ್ಯವರ್ತಿಗಳಿಗೆ ಅವಕಾಶ ದೊರೆಯುತ್ತದೆ. ಮಧ್ಯವರ್ತಿಯು ಪಡೆಯುವ ಹಣದಲ್ಲಿ ಸರ್ಕಾರಿ ಶುಲ್ಕವೆಷ್ಟು, ಆತನ ಪಾಲೆಷ್ಟು, ಲಂಚವೆಷ್ಟು ಎಂಬುದು ಅರ್ಜಿದಾರರಿಗೆ ತಿಳಿಯುವುದಿಲ್ಲ. ಹಣವು ನೌಕರರ ಕೈಗೆ ನೇರವಾಗಿ ಹೋಗದ ಕಾರಣ ತನಿಖೆಯೂ ಜಟಿಲವಾಗುತ್ತದೆ. ಪ್ರತಿ ಕಚೇರಿಯಲ್ಲಿ ಸೇವೆಗಳ ಪಟ್ಟಿ, ಕಾಲಮಿತಿ ಮತ್ತು ಶುಲ್ಕವನ್ನು ಪ್ರಕಟಿಸಬೇಕೆಂಬ ನಿಯಮದ ಉದ್ದೇಶವು ಈ ಅಜ್ಞಾನವನ್ನು ನಿವಾರಿಸುವುದೇ ಆಗಿದೆ.

3.3 ಗಣಕೀಕರಣದ ಮಿತಿ

2001ರ ಹೊತ್ತಿಗೆ ರಾಜ್ಯಾದ್ಯಂತ ವಿಸ್ತರಿಸಿದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಅಲ್ಲಿಯವರೆಗೆ ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಾಗಿದ್ದ ರೈತರಿಗೆ, ಪ್ರಾರಂಭದಲ್ಲಿ 15 ರೂಪಾಯಿ ಶುಲ್ಕ ಪಾವತಿಸಿ ತಾಲ್ಲೂಕು ಕೇಂದ್ರದಲ್ಲಿ ಅದನ್ನು ಪಡೆಯುವ ಅವಕಾಶ ಲಭಿಸಿತು. ಮೊದಲು ಬಂದ ಅರ್ಜಿಯನ್ನು ಮೊದಲು ಇತ್ಯರ್ಥಪಡಿಸುವ ಪದ್ಧತಿಯನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಗ್ರಾಮೀಣ ಆಸ್ತಿಗಳ ವಿಷಯದಲ್ಲಿ 2013ರಿಂದ 'ಇ-ಸ್ವತ್ತು' ತಂತ್ರಾಂಶದ ಮೂಲಕ ನಮೂನೆ 9 ಮತ್ತು 11ನ್ನು ನೀಡುವ ವ್ಯವಸ್ಥೆ ಬಂದಿತು. ಕೈಬರಹದ ಖಾತೆಗಳ ದುರುಪಯೋಗವನ್ನು ತಡೆಯುವುದು ಇದರ ಪ್ರಮುಖ ಉದ್ದೇಶವಾಗಿತ್ತು.

ಈ ಕ್ರಮಗಳಿಂದ ದಾಖಲೆ ಪಡೆಯುವ ಹಂತದಲ್ಲಿನ ವಿವೇಚನಾಧಿಕಾರ ಕಡಿಮೆಯಾಯಿತು. ಆದರೆ ಗಣಕಯಂತ್ರಕ್ಕೆ ಮಾಹಿತಿ ಸೇರುವ ಮುನ್ನ ನಡೆಯುವ ಕೆಲಸಗಳು, ಅಂದರೆ ಸ್ಥಳ ಪರಿಶೀಲನೆ, ಅಳತೆ, ವರದಿ, ಆಕ್ಷೇಪಣೆ, ಅನುಮೋದನೆ, ಇಂದಿಗೂ ಮನುಷ್ಯರ ಕೈಯಲ್ಲಿವೆ. ಮುದ್ರಿತ ಪ್ರತಿಗೆ ಕೇಳುತ್ತಿದ್ದ ಹಣವನ್ನು ಸ್ಥಳ ಪರಿಶೀಲನೆಗೆ ಕೇಳುವಂತಾದರೆ ಭ್ರಷ್ಟಾಚಾರವು ಸ್ಥಳಾಂತರಗೊಂಡಿತೇ ಹೊರತು ನಿವಾರಣೆಯಾಗಲಿಲ್ಲ. ಆದ್ದರಿಂದ ಅರ್ಜಿಯು ಯಾವ ಹಂತದಲ್ಲಿ, ಯಾರ ಬಳಿ, ಎಷ್ಟು ದಿನಗಳಿಂದ ಇದೆ ಎಂಬುದನ್ನು ತಿಳಿಯುವುದು ಅರ್ಜಿದಾರರಿಗೆ ಅತಿ ಮುಖ್ಯ.

3.4 ಕಾಮಗಾರಿಗಳಲ್ಲಿನ ಅಕ್ರಮ

ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕದಲ್ಲಿ 1999ರ ಅಧಿನಿಯಮ ಜಾರಿಯಲ್ಲಿದ್ದು, ನಿಗದಿತ ಮೊತ್ತಕ್ಕೆ ಮೇಲ್ಪಟ್ಟ ಕಾಮಗಾರಿಗಳಿಗೆ ಟೆಂಡರ್ ಕಡ್ಡಾಯ. ಈ ಮಿತಿಯನ್ನು ತಪ್ಪಿಸಲು ಒಂದೇ ಕಾಮಗಾರಿಯನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು ತುಂಡು ಗುತ್ತಿಗೆ ನೀಡುವುದು ಪರಿಚಿತವಾದ ಅಕ್ರಮ. ಮಾಡದ ಕೆಲಸವನ್ನು ಅಳತೆ ಪುಸ್ತಕದಲ್ಲಿ ನಮೂದಿಸುವುದು, ಹಳೆಯ ಚರಂಡಿಗೆ ಹೊಸ ಹೆಸರು ನೀಡಿ ಬಿಲ್ಲು ಪಡೆಯುವುದು, ಹಾಜರಾತಿ ಪಟ್ಟಿಯಲ್ಲಿ ಕೆಲಸಕ್ಕೆ ಬಾರದವರ ಹೆಸರು ಸೇರಿಸುವುದು ಸಹ ಇದೇ ಬಗೆಯವು.

ಗ್ರಾಮ ಪಂಚಾಯಿತಿಗಳ ಲೆಕ್ಕಪತ್ರಗಳನ್ನು ರಾಜ್ಯದ ಲೆಕ್ಕಪರಿಶೋಧನಾ ಇಲಾಖೆಯು ಪರಿಶೋಧಿಸುತ್ತದೆ. ಆದರೆ ಲೆಕ್ಕಪರಿಶೋಧಕರು ಮುಖ್ಯವಾಗಿ ಕಾಗದಗಳನ್ನು ನೋಡುತ್ತಾರೆ. ರಸ್ತೆಯ ದಪ್ಪ ಎಷ್ಟು, ಮೋರಿ ಇದೆಯೋ ಇಲ್ಲವೋ ಎಂಬುದು ಊರಿನವರಿಗೆ ತಿಳಿದಿರುತ್ತದೆ. ಕಾಗದ ಬಲ್ಲವರು ಮತ್ತು ನೆಲ ಬಲ್ಲವರು ಒಂದೆಡೆ ಸೇರದಿದ್ದಲ್ಲಿ ಅಕ್ರಮವು ಬಯಲಾಗುವುದಿಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮವು ಗ್ರಾಮಸಭೆಯಿಂದ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ವಿಧಿಸಿದ್ದು ಈ ಕಾರಣಕ್ಕಾಗಿಯೇ.

3.5 ಸಾಕ್ಷ್ಯದ ತೊಡಕುಗಳು

ಲಂಚ ಪ್ರಕರಣದಲ್ಲಿ ಹಣ ದೊರೆತ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ಲಂಚದ ಬೇಡಿಕೆ ಮತ್ತು ಸ್ವೀಕಾರ ಎರಡೂ ರುಜುವಾತಾಗಬೇಕು. ಬಲೆ ಕಾರ್ಯಾಚರಣೆಯಲ್ಲಿ ನೋಟುಗಳ ಸಂಖ್ಯೆಯನ್ನು ದಾಖಲಿಸಿ, ಅವುಗಳಿಗೆ ಫಿನಾಫ್ತಲೀನ್ ಪುಡಿಯನ್ನು ಲೇಪಿಸಿ, ಪಂಚರ ಸಮಕ್ಷಮ ಮಹಜರು ಬರೆಯಲಾಗುತ್ತದೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದಾಗ ದ್ರಾವಣವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದು ಹಣ ಸ್ಪರ್ಶಿಸಿದ್ದಕ್ಕೆ ಸಾಕ್ಷ್ಯ. ಹಣ ಕೇಳಿದ್ದಕ್ಕೆ ದೂರುದಾರರ ಹೇಳಿಕೆಯೇ ಪ್ರಮುಖ ಸಾಕ್ಷ್ಯ.

ವಿಚಾರಣೆ ವಿಳಂಬವಾದಂತೆ ದೂರುದಾರರ ಮೇಲೆ ಒತ್ತಡ ಹೆಚ್ಚುತ್ತದೆ. ಕೆಲವರು ಪ್ರತಿಕೂಲ ಸಾಕ್ಷಿಗಳಾಗುತ್ತಾರೆ. ಕೆಲವರು ಮರಣ ಹೊಂದಿರುತ್ತಾರೆ. ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 'ನೀರಜ್ ದತ್ತಾ' ಪ್ರಕರಣದಲ್ಲಿ 15 ಡಿಸೆಂಬರ್ 2022ರಂದು ಮಹತ್ವದ ತೀರ್ಪು ನೀಡಿದೆ. ದೂರುದಾರರ ನೇರ ಸಾಕ್ಷ್ಯ ಲಭ್ಯವಿಲ್ಲದಿದ್ದರೂ ಇತರ ಸಾಕ್ಷಿಗಳು ಮತ್ತು ಸಾಂದರ್ಭಿಕ ಸಾಕ್ಷ್ಯಗಳ ಮೂಲಕ ಬೇಡಿಕೆಯನ್ನು ರುಜುವಾತುಪಡಿಸಬಹುದೆಂದು ಈ ತೀರ್ಪು ಸ್ಪಷ್ಟಪಡಿಸಿದೆ. ಅರ್ಜಿಯ ಪ್ರತಿ, ಸ್ವೀಕೃತಿ, ಕಡತ ನಿಂತ ದಿನಾಂಕಗಳು, ದೂರವಾಣಿ ಸಂದೇಶಗಳು ಇಂತಹ ಸಂದರ್ಭದಲ್ಲಿ ಬೆಲೆಯುಳ್ಳವಾಗುತ್ತವೆ.

3.6 ಅನುಮತಿ ಮತ್ತು ಶಿಫಾರಸಿನ ಹಂತಗಳು

ಅಧಿಕೃತ ಕರ್ತವ್ಯದಲ್ಲಿ ಕೈಗೊಂಡ ತೀರ್ಮಾನ ಅಥವಾ ಮಾಡಿದ ಶಿಫಾರಸಿಗೆ ಸಂಬಂಧಿಸಿದ ಆರೋಪವನ್ನು ತನಿಖೆ ಮಾಡುವ ಮುನ್ನ ಪೂರ್ವಾನುಮೋದನೆ ಪಡೆಯಬೇಕೆಂದು 2018ರ ತಿದ್ದುಪಡಿಯಲ್ಲಿ ಸೇರಿಸಲಾದ ಕಲಂ 17ಎ ಹೇಳುತ್ತದೆ. ಲಂಚ ಸ್ವೀಕರಿಸುವಾಗ ಸ್ಥಳದಲ್ಲಿಯೇ ಬಂಧಿಸುವ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ತನಿಖೆಯ ನಂತರ ನ್ಯಾಯಾಲಯವು ಪ್ರಕರಣವನ್ನು ಪರಿಗಣಿಸಲು ಕಲಂ 19ರ ಅಡಿ ಅಭಿಯೋಜನಾ ಮಂಜೂರಾತಿ ಅಗತ್ಯ. ಇದನ್ನು 3 ತಿಂಗಳೊಳಗೆ, ಅವಶ್ಯವಿದ್ದಲ್ಲಿ ಮತ್ತೊಂದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾನೂನು ತಿಳಿಸುತ್ತದೆ. ಪ್ರಾಮಾಣಿಕ ನೌಕರರನ್ನು ದುರುದ್ದೇಶದ ದೂರುಗಳಿಂದ ರಕ್ಷಿಸುವುದು ಈ ಅವಕಾಶಗಳ ಉದ್ದೇಶ. ವಿಳಂಬವಾದಲ್ಲಿ ಅವೇ ತಪ್ಪಿತಸ್ಥರಿಗೆ ಆಸರೆಯಾಗುತ್ತವೆ.

ಲೋಕಾಯುಕ್ತ ಅಧಿನಿಯಮದ ಅಡಿಯ ವಿಚಾರಣೆಯಲ್ಲಿ ಆರೋಪ ಸಾಬೀತಾದಲ್ಲಿ ಲೋಕಾಯುಕ್ತರು ಅಥವಾ ಉಪಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ಶಿಫಾರಸು ಸಹಿತ ವರದಿ ಕಳುಹಿಸುತ್ತಾರೆ. ಪ್ರಾಧಿಕಾರವು ಕೈಗೊಂಡ ಕ್ರಮವನ್ನು 3 ತಿಂಗಳೊಳಗೆ ತಿಳಿಸಬೇಕು. ಕ್ರಮ ತೃಪ್ತಿಕರವಾಗಿಲ್ಲದಿದ್ದಲ್ಲಿ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು. ದಂಡನೆಯ ಅಂತಿಮ ಆದೇಶ ಹೊರಡಿಸುವುದು ಸಕ್ಷಮ ಪ್ರಾಧಿಕಾರವೇ ಆದ್ದರಿಂದ ವರದಿಯ ಬಲವು ಅದರ ಅನುಷ್ಠಾನವನ್ನು ಅವಲಂಬಿಸಿದೆ.

3.7 ತನಿಖಾ ಸಂಸ್ಥೆಯ ಬದಲಾವಣೆಗಳು

ಕರ್ನಾಟಕ ಲೋಕಾಯುಕ್ತ ಸಂಸ್ಥೆಯು 1986ರಿಂದ ಕಾರ್ಯನಿರ್ವಹಿಸುತ್ತಿದೆ. 2016ರ ಮಾರ್ಚ್‌ನಲ್ಲಿ ಸರ್ಕಾರಿ ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮದಡಿಯ ತನಿಖಾಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ಅದಕ್ಕೆ ವಹಿಸಲಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯವು 11 ಆಗಸ್ಟ್ 2022ರಂದು ಈ ದಳದ ರಚನೆಯನ್ನು ರದ್ದುಗೊಳಿಸಿತು. ತನಿಖಾಧಿಕಾರ ಮತ್ತು ಬಾಕಿ ಪ್ರಕರಣಗಳು ಲೋಕಾಯುಕ್ತ ಪೊಲೀಸರಿಗೆ ಮರಳಿದವು. ಲಂಚದ ಬೇಡಿಕೆಯ ಬಗ್ಗೆ ನಾಗರಿಕರು ಈಗ ಸಂಬಂಧಪಟ್ಟ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಯನ್ನು ಸಂಪರ್ಕಿಸಬೇಕು.

4. ಅರ್ಜಿದಾರರು ಅನುಸರಿಸಬಹುದಾದ ಕ್ರಮಗಳು

4.1 ಅರ್ಜಿ ಸಲ್ಲಿಸುವಾಗ

• ಸೇವೆಗೆ ನಿಗದಿಯಾದ ಶುಲ್ಕ, ದಾಖಲೆಗಳು ಮತ್ತು ಕಾಲಮಿತಿಯನ್ನು ಸೂಚನಾ ಫಲಕದಲ್ಲಿ ನೋಡಿ ಬರೆದುಕೊಳ್ಳುವುದು.
• ಅರ್ಜಿ ಮತ್ತು ಲಗತ್ತುಗಳ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು.
• ಸಂಖ್ಯೆ ಮತ್ತು ದಿನಾಂಕವುಳ್ಳ ಸ್ವೀಕೃತಿ ಪಡೆಯದೆ ಅರ್ಜಿಯನ್ನು ಒಪ್ಪಿಸದಿರುವುದು.
• ಪಾವತಿಸಿದ ಪ್ರತಿ ರೂಪಾಯಿಗೂ ರಸೀದಿ ಪಡೆಯುವುದು. ರಸೀದಿ ಇಲ್ಲದ ಹಣ ಸರ್ಕಾರಿ ಶುಲ್ಕವಲ್ಲ.
• ಅರ್ಜಿ ಅಪೂರ್ಣವೆಂದು ತಿಳಿಸಿದಲ್ಲಿ ಕಾರಣ ನಮೂದಿಸಿದ ಲಿಖಿತ ಹಿಂಬರಹ ಕೋರುವುದು.

4.2 ಸೇವೆ ವಿಳಂಬವಾದಾಗ

ಸಕಾಲ ಯೋಜನೆಯು 2012ರ ಮಾರ್ಚ್‌ನಲ್ಲಿ ಔರಾದ, ಚಿತ್ರದುರ್ಗ, ಧಾರವಾಡ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡು, ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಾದ್ಯಂತ ಜಾರಿಗೆ ಬಂದಿತು. ನಂತರ ಸೇವೆಗಳ ಸಂಖ್ಯೆ ಹೆಚ್ಚಿದೆ. ಕಾಲಮಿತಿಯೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರಕ್ಕೆ ಅವಕಾಶವಿದ್ದು, ಅದನ್ನು ತಪ್ಪಿತಸ್ಥ ನೌಕರರಿಂದ ವಸೂಲು ಮಾಡಬಹುದಾಗಿದೆ. ಮೊತ್ತ ಚಿಕ್ಕದಾದರೂ ವಿಳಂಬದ ಹೊಣೆಯು ನಿರ್ದಿಷ್ಟ ವ್ಯಕ್ತಿಯ ಹೆಸರಿನಲ್ಲಿ ದಾಖಲಾಗುವುದು ಇದರ ಪ್ರಯೋಜನ.

4.3 ಮಾಹಿತಿ ಬೇಕಾದಾಗ

ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳ ಮಿತಿಯಲ್ಲಿರಬೇಕು. ಮಾಹಿತಿಯನ್ನು 30 ದಿನಗಳೊಳಗೆ ನೀಡಬೇಕು. ದೊರೆಯದಿದ್ದಲ್ಲಿ 30 ದಿನಗಳೊಳಗೆ ಮೊದಲ ಮೇಲ್ಮನವಿ, ನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಸಕಾರಣವಿಲ್ಲದೆ ಮಾಹಿತಿ ನಿರಾಕರಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು.

"ನನ್ನ ಕೆಲಸ ಏಕೆ ಆಗಿಲ್ಲ?" ಎಂಬ ಪ್ರಶ್ನೆಗಿಂತ "ಇಂತಹ ದಿನಾಂಕದ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ನೀಡುವುದು" ಎಂಬ ಕೋರಿಕೆಯು ಹೆಚ್ಚು ಫಲಕಾರಿ. ಕಾಮಗಾರಿಯ ವಿಷಯದಲ್ಲಿ ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ಪ್ರತಿಗಳನ್ನು ಕೇಳಬೇಕು.

4.4 ಗ್ರಾಮಸಭೆ ಮತ್ತು ಜಮಾಬಂದಿ

ಗ್ರಾಮಸಭೆಯನ್ನು 6 ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಇದಲ್ಲದೆ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರವರೆಗೆ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ಆರ್ಥಿಕ ವರ್ಷದ ಜಮಾ-ಖರ್ಚು, ಕಾಮಗಾರಿಗಳ ಕಡತಗಳು ಮತ್ತು ವಹಿಗಳನ್ನು ಸಾರ್ವಜನಿಕರ ಮುಂದಿಟ್ಟು, ಕಾಮಗಾರಿ ಸ್ಥಳಗಳನ್ನು ಪರಿಶೀಲಿಸುವುದು ಇದರ ಕ್ರಮ. ಹಾಜರಾತಿ ಕಡಿಮೆಯಾದಲ್ಲಿ ಇದು ಸಹಿ ಹಾಕುವ ಸಮಾರಂಭವಾಗಿ ಮುಗಿಯುತ್ತದೆ. ಗ್ರಾಮಸ್ಥರು ತಮ್ಮ ಆಕ್ಷೇಪಣೆಯನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ ಲಿಖಿತವಾಗಿ ಸಲ್ಲಿಸಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು.

4.5 ಲಂಚ ಕೇಳಿದಾಗ

ಹಣ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸುವುದು ಸರಿಯಾದ ಕ್ರಮ. ಯಾರು, ಎಂದು, ಎಲ್ಲಿ, ಯಾವ ಕೆಲಸಕ್ಕೆ, ಎಷ್ಟು ಕೇಳಿದರು ಎಂಬುದನ್ನು ಅದೇ ದಿನ ಬರೆದಿಟ್ಟುಕೊಳ್ಳಬೇಕು. ಲಂಚ ಪಡೆದ ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಬಹುದಾಗಿದೆ. ಲೋಕಾಯುಕ್ತ ಅಧಿನಿಯಮದಡಿ ದುರಾಡಳಿತ ಅಥವಾ ದುರ್ನಡತೆಯ ದೂರನ್ನು ನಿಗದಿತ ನಮೂನೆಯಲ್ಲಿ, ಶಪಥಪತ್ರ ಸಹಿತ ಸಲ್ಲಿಸಬೇಕು. ಇಂತಹ ದೂರುಗಳಿಗೆ ಕಾಲಮಿತಿ ಇರುವುದರಿಂದ ತಡಮಾಡಬಾರದು.

5. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಂಚ ಕೊಡುವುದೂ ಅಪರಾಧವೇ?
ಉತ್ತರ: ಹೌದು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದು ನೇರ ಅಪರಾಧವಾಗಿದ್ದು, 7 ವರ್ಷಗಳವರೆಗೆ ಕಾರಾವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಬಲವಂತಕ್ಕೆ ಒಳಗಾಗಿ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ವರದಿ ಮಾಡಿದಲ್ಲಿ ಅವರಿಗೆ ಇದು ಅನ್ವಯಿಸುವುದಿಲ್ಲ. ಮೊದಲೇ ತಿಳಿಸಿ, ಸಂಸ್ಥೆಗೆ ನೆರವಾಗಲು ಹಣ ಕೊಟ್ಟವರಿಗೂ ಅನ್ವಯಿಸುವುದಿಲ್ಲ.

ಪ್ರಶ್ನೆ: ಚುನಾಯಿತ ಸದಸ್ಯರ ವಿರುದ್ಧ ದೂರು ನೀಡಬಹುದೇ?
ಉತ್ತರ: ನೀಡಬಹುದು. ಸಾರ್ವಜನಿಕ ಕರ್ತವ್ಯ ನಿರ್ವಹಿಸುವ ಚುನಾಯಿತ ಪ್ರತಿನಿಧಿಗಳೂ ಸಾರ್ವಜನಿಕ ನೌಕರರ ವ್ಯಾಪ್ತಿಗೆ ಬರುತ್ತಾರೆ.

ಪ್ರಶ್ನೆ: ದೂರು ನೀಡಿದ ನಂತರ ಬಾಕಿ ಉಳಿದ ಕೆಲಸವು ತಾನಾಗಿಯೇ ಆಗುತ್ತದೆಯೇ?
ಉತ್ತರ: ಇಲ್ಲ. ಲಂಚದ ದೂರು ಅಪರಾಧಕ್ಕೆ ಸಂಬಂಧಿಸಿದ್ದು. ಸೇವೆಯ ಅರ್ಜಿಯು ಬೇರೆ ಕಡತ. ಸೇವೆಗಾಗಿ ಸಕಾಲ ಮೇಲ್ಮನವಿಯನ್ನು ಅಥವಾ ಮೇಲಧಿಕಾರಿಗೆ ಲಿಖಿತ ಮನವಿಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು.

ಪ್ರಶ್ನೆ: ಸುಳ್ಳು ದೂರು ನೀಡಿದಲ್ಲಿ?
ಉತ್ತರ: ದುರುದ್ದೇಶದಿಂದ ಸುಳ್ಳು ದೂರು ನೀಡುವುದು ಲೋಕಾಯುಕ್ತ ಅಧಿನಿಯಮದಡಿ ಶಿಕ್ಷಾರ್ಹ. ತಿಳಿದಿರುವ ಸಂಗತಿಗಳನ್ನು ಮಾತ್ರ ನಮೂದಿಸಬೇಕು.

6. ಉಪಸಂಹಾರ

ಸ್ಥಳೀಯ ಭ್ರಷ್ಟಾಚಾರದ ಬಲವಿರುವುದು ಬಾಯಿಮಾತಿನ ವ್ಯವಹಾರದಲ್ಲಿ. ಸ್ವೀಕೃತಿ ಇಲ್ಲದ ಅರ್ಜಿ, ರಸೀದಿ ಇಲ್ಲದ ಹಣ, ಹಿಂಬರಹವಿಲ್ಲದ ನಿರಾಕರಣೆ, ನಡಾವಳಿ ಇಲ್ಲದ ಸಭೆ ಇವುಗಳಲ್ಲಿ ಯಾರ ಹೊಣೆಯನ್ನೂ ಗುರುತಿಸಲಾಗುವುದಿಲ್ಲ. ತನಿಖೆ ಮತ್ತು ವಿಚಾರಣೆಯ ವಿಳಂಬವನ್ನು ಒಬ್ಬ ಅರ್ಜಿದಾರನು ನಿವಾರಿಸಲಾರನು. ಅದು ಸರ್ಕಾರ ಮತ್ತು ನ್ಯಾಯಾಂಗದ ಜವಾಬ್ದಾರಿ. ಆದರೆ ತನ್ನ ಅರ್ಜಿಯ ಪ್ರತಿ ಹಂತಕ್ಕೂ ಒಂದು ಕಾಗದವನ್ನು ಪಡೆಯುವುದು ಆತನ ಕೈಯಲ್ಲಿದೆ. ಆ ಕಾಗದವು ಮೇಲ್ಮನವಿಗೆ ಆಧಾರವಾಗುತ್ತದೆ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ ಮತ್ತು ನಿಯಮದಂತೆ ಕೆಲಸ ಮಾಡುವ ಪ್ರಾಮಾಣಿಕ ನೌಕರರಿಗೂ ರಕ್ಷಣೆಯಾಗುತ್ತದೆ.

ಸೂಚನೆ: ಈ ಲೇಖನವು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಶುಲ್ಕ, ನಮೂನೆ ಮತ್ತು ಕಾಲಮಿತಿಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯ ಸೂಚನಾ ಫಲಕವನ್ನು ಪರಿಶೀಲಿಸತಕ್ಕದ್ದು. ನಿರ್ದಿಷ್ಟ ಪ್ರಕರಣಗಳಲ್ಲಿ ಮೂಲ ಅಧಿನಿಯಮ ಮತ್ತು ನಿಯಮಗಳ ಪಾಠವೇ ಅಂತಿಮವಾಗಿರುತ್ತದೆ.